ಉಳಿರಾಯರ ಧೂಳು ಮಿಷನ್ನು

ಉಳಿರಾಯರು ತಟ್ಟೆ ಒರೆಸುತ್ತಿದ್ದರು. ಹೆಂಡತಿ ತೊಳೆದು ಕೊಡುವುದು, ಇವರು ಒರೆಸಿ ಗೂಡಿನಲ್ಲಿ ಜೋಡಿಸುವುದು, ಇದು ಆ ಮನೆಯ ಬೆಳಗಿನ ಕ್ರಮ. ಕೊನೆಯ ತಟ್ಟೆ ಗೂಡು ಸೇರುವ ಹೊತ್ತಿಗೆ ಮೊದಲನೆಯ ತಟ್ಟೆಯ ಮೇಲೆ ತೆಳ್ಳಗೆ, ಹಳದಿಯಾಗಿ, ಮುಖಕ್ಕೆ ಪೌಡರು ಬಳಿದಂತೆ ಧೂಳು ಕೂತಿರುತ್ತಿತ್ತು. ರಾಯರು ಅದನ್ನು ಕಂಡೂ ಕಾಣದವರಂತೆ ಮೇಲೊಂದು ಬಟ್ಟಲು ಮುಚ್ಚಿಬಿಟ್ಟರು.

"ರೀ, ಅದನ್ನ ಮತ್ತೆ ಒರೆಸಿ."

"ಈಗ ತಾನೇ ಒರೆಸಿದ್ದೀನಲ್ಲೇ."

"ಒರೆಸಿದ್ದು ನಿನ್ನೆ ಧೂಳು. ಇದು ಇವತ್ತಿನದು. ಬಿಸಿಬಿಸಿ."

ಉಳಿರಾಯರು ಎಂಬುದು ಬೀದಿಯವರು ಇಟ್ಟ ಹೆಸರು. ಕೆಲಸದಲ್ಲಿದ್ದಷ್ಟು ಕಾಲವೂ ಅವರು ರೈಲು ನಿಲ್ದಾಣದ ಟಿಕೆಟ್ ಕಿಂಡಿಯ ಹಿಂದೆ ಕೂತು ಲೋಕದವರನ್ನೆಲ್ಲ ಊರೂರಿಗೆ ಕಳಿಸಿದರು. ತಾವು ಮಾತ್ರ ಕುರ್ಚಿ ಬಿಟ್ಟು ಕದಲಲಿಲ್ಲ. ನಿವೃತ್ತರಾದ ಮೇಲೆ, ಆ ಕುರ್ಚಿಯ ಮೇಲಿನ ಸಿಟ್ಟಿಗೋ ಏನೋ, ತಾವೇ ಕುರ್ಚಿ ಮಾಡಲು ಹೊರಟರು. ಹಿತ್ತಲ ಕೋಣೆಯಲ್ಲಿ ಉಳಿ, ಸುತ್ತಿಗೆ, ಗರಗಸದ ಮೇಜು ಎಲ್ಲ ಬಂದು ಕೂತವು. ಮೊದಲು ಮಾಡಿದ ಸ್ಟೂಲಿನ ಮೂರು ಕಾಲು ನೆಲಕ್ಕೆ ತಾಗುತ್ತಿದ್ದವು, ನಾಲ್ಕನೆಯದು ವಿಶ್ರಾಂತಿಯಲ್ಲಿತ್ತು. ಆದರೆ ಕೈ ಪಳಗಿತು. ಅಷ್ಟರಲ್ಲಿ ಮರದ ಧೂಳೂ ಮನೆಯೆಲ್ಲ ಓಡಾಡಿ ಪಳಗಿತು.

ಧೂಳು ಹೆಂಡತಿಗೆ ಒಂದು ಕಷ್ಟವಾದರೆ ರಾಯರಿಗೆ ಬೇರೆಯೇ ಕಷ್ಟ. ಅವರಿಗೆ ಒಬ್ಬಳು ಅಕ್ಕ. ಅವರನ್ನು ಸೊಂಟದ ಮೇಲೆ ಹೊತ್ತು ತಿರುಗಿ, ಅಕ್ಷರ ತಿದ್ದಿಸಿ, ಮನುಷ್ಯನನ್ನಾಗಿ ಮಾಡಿದವಳು. ತಮ್ಮನ ಕೈಕೆಲಸ ನೋಡಬೇಕು, ಒಂದಷ್ಟು ದಿನ ಇರಬೇಕು ಎಂದು ದೊಡ್ಡ ಪೆಟ್ಟಿಗೆ ಹಿಡಿದು ಬಂದಿದ್ದಳು. ಹೊಸ್ತಿಲು ದಾಟುತ್ತಲೇ ಸೀನಿದಳು. ಊಟದಲ್ಲಿ ಸೀನಿದಳು, ಮಾತಿನ ನಡುವೆ ಸೀನಿದಳು, ಸ್ಟೂಲನ್ನು ಹೊಗಳಲು ಬಾಯಿ ತೆರೆದು ಹೊಗಳಿಕೆಯ ಬದಲು ಸೀನಿದಳು. ಮರುದಿನವೇ, ಪೆಟ್ಟಿಗೆ ಬಿಚ್ಚದೆ, ರೈಲು ಹತ್ತಿದಳು.

"ತಮ್ಮಾ, ನಿನ್ನ ಮನೇಲಿ ಎಲ್ಲ ಇದೆ, ಉಸಿರಾಡೋಕೆ ಜಾಗ ಒಂದಿಲ್ಲ. ಧೂಳು ಹೋದ್ಮೇಲೆ ಕಾಗದ ಬರಿ, ಬರ್ತೀನಿ. ಫೋನ್ ಮಾತ್ರ ಮಾಡ್ಬೇಡ. ಫೋನಲ್ಲಿ ನೀನು ಬಡಾಯಿ ಕೊಚ್ತೀಯ. ಕಾಗದದ ಮೇಲೆ ಸುಳ್ಳು ಬರೆದ್ರೆ ಚಿಕ್ಕಂದಿನಿಂದ್ಲೂ ನಿನ್ನ ಅಕ್ಷರ ಸೊಟ್ಟಗಾಗುತ್ತೆ, ನಂಗೆ ಗೊತ್ತಾಗುತ್ತೆ."

ಅಂದಿನಿಂದ ರಾಯರು ಅಕ್ಕನಿಗಾಗಿ ಒಂದು ಕುರ್ಚಿ ಮಾಡುತ್ತಿದ್ದರು. ಅವಳ ಮಂಡಿನೋವಿಗೆ ತಕ್ಕ ಎತ್ತರ, ಅವಳ ಬೆನ್ನಿಗೆ ತಕ್ಕ ಬಾಗು. ಕುರ್ಚಿ ಮುಗಿಯುತ್ತ ಬಂದಿತ್ತು, ಕಾಗದ ಮುಗಿಯಲಿಲ್ಲ. ಮೇಜಿನ ಖಾನೆಯಲ್ಲಿದ್ದ ಹಾಳೆಯ ಮೇಲೆ 'ಅಕ್ಕನಿಗೆ ನಮಸ್ಕಾರ. ಈಗ ನಮ್ಮ ಮನೆಯಲ್ಲಿ ಧೂಳು' ಎಂಬಲ್ಲಿಗೆ ಬಂದು ಪೆನ್ನು ನಿಂತಿತ್ತು. ಆ 'ಧೂಳು' ಈಗಾಗಲೇ ಒಂದು ಕಡೆಗೆ ವಾಲಿತ್ತು.

ತಟ್ಟೆಯನ್ನು ಮತ್ತೊಮ್ಮೆ ಒರೆಸಿದ ಆ ಬೆಳಿಗ್ಗೆಯೇ ರಾಯರು ಅಂಗಿ ತೊಟ್ಟು ಯಂತ್ರದ ಅಂಗಡಿಗೆ ಹೋದರು.

"ಧೂಳು ಹೀರೋ ಮಿಷನ್ ಬೇಕು."

"ಕೋಣೆ ಎಷ್ಟು ದೊಡ್ಡದು ಸಾರ್?" ಎಂದ ಅಂಗಡಿಯವನು.

ರಾಯರಿಗೆ ಪ್ರಶ್ನೆ ಹಿಡಿಸಲಿಲ್ಲ. ದೊಡ್ಡ ವಸ್ತು ಕೊಳ್ಳಲು ಬಂದವರನ್ನು ಕೋಣೆ ಎಷ್ಟಿದೆ ಎಂದು ಕೇಳುವುದು ಯಾವ ಮರ್ಯಾದೆ? "ಕೋಣೆ ವಿಷಯ ಬಿಡಿ. ನಿಮ್ಮಲ್ಲಿ ಎಲ್ಲಕ್ಕಿಂತ ಜೋರಾಗಿ ಕೂಗೋದು ಯಾವುದು?"

"ಸದ್ದಿಗೂ ಹೀರೋದಕ್ಕೂ ಸಂಬಂಧ ಇಲ್ಲ ಸಾರ್."

"ಇಲ್ದೆ ಏನು? ಜೀವಮಾನವೆಲ್ಲ ರೈಲು ನೋಡಿದೋನು ನಾನು. ಕೂಗದೇ ಇರೋ ಇಂಜಿನ್ನು ಏನನ್ನಾದ್ರೂ ಎಳೆದಿದ್ದುಂಟಾ?"

ಅಂಗಡಿಯವನು ಸೋತ. ಅತಿ ಜೋರಾಗಿ ಕೂಗುವ ಮಿಷನ್ನು ಆಯಿತು. ಪೈಪು? "ಅತಿ ಉದ್ದದ್ದು." ತೆಳ್ಳಗಿನ ಸುಕ್ಕುಸುಕ್ಕು ಪೈಪನ್ನು ಹಗ್ಗದಂತೆ ಸುತ್ತಿ ಕೊಟ್ಟ. "ಚೀಲ ಮಾತ್ರ ದಪ್ಪದ್ದು ಹಾಕ್ಕೊಳ್ಳಿ ಸಾರ್, ನಮ್ಮಲ್ಲೇ ಇದೆ" ಎಂದಾಗ ರಾಯರ ಸ್ವಾಭಿಮಾನಕ್ಕೆ ಪೆಟ್ಟಾಯಿತು. "ಕೈಕೆಲಸದೋನಿಗೆ ಸಿದ್ಧ ಚೀಲ ಮಾರ್ತೀಯೇನಯ್ಯಾ? ಚೀಲ ನಾನೇ ಹೊಲಿತೀನಿ."

ಹೊಲಿದರು. ಹಾಸಿಗೆಯ ಹಳೆಯ ಮೇಲುಹೊದಿಕೆಯನ್ನು, ತೊಳೆದು ತೊಳೆದು ಜಾಳಾಗಿದ್ದದ್ದನ್ನು, ಮಡಿಸಿ ಉದ್ದನೆಯ ಕಾಲುಚೀಲದಂತೆ ಹೊಲಿದು ಮಿಷನ್ನಿಗೆ ಕಟ್ಟಿದರು. ಗುಂಡಿ ಒತ್ತಿದರು. ಮಿಷನ್ನು ಕೂಗಿದ ಕೂಗಿಗೆ ಗೋಡೆಯ ಕ್ಯಾಲೆಂಡರು ತಿಂಗಳು ಬದಲಿಸಿತು. ಚೀಲ ಗಪ್ಪನೆ ಉಬ್ಬಿ ನಿಂತಿತು. ನೆಲದ ಮೇಲಿದ್ದ ಧೂಳನ್ನೆಲ್ಲ ಮಿಷನ್ನು ಶ್ರದ್ಧೆಯಿಂದ ಎತ್ತಿಕೊಂಡಿತು, ದಪ್ಪನೆಯದನ್ನು ಚೀಲದಲ್ಲಿ ಇಟ್ಟುಕೊಂಡಿತು, ನುಣ್ಣನೆಯದನ್ನು ಜರಡಿ ಹಿಡಿದು ಮನೆಗೆಲ್ಲ ಸಮನಾಗಿ ಹಂಚಿತು.

"ರೀ! ಎಲ್ಲಿದ್ದೀರ? ಕಾಣ್ತಾ ಇಲ್ಲ!" ಹೆಂಡತಿ ಬಾಗಿಲಿಂದ ಕೂಗಿದಳು.

"ಚೀಲದ ಪಕ್ಕ ಇದ್ದೀನಿ ಕಣೇ! ಹೇಗೆ ಉಬ್ಬಿದೆ ನೋಡು!"

"ಚೀಲ ಎಲ್ಲಿದೆ?"

ಹೀಗಾಯಿತೆಂದು ರಾಯರು ಎದೆಗುಂದುವವರಲ್ಲ. ಮಿಷನ್ನಿಗೆ ಸುಧಾರಣೆ ಬೇಕು ಎಂದು ತೀರ್ಮಾನಿಸಿದರು. ಚೀಲಕ್ಕೆ ಹೋಗುವ ಮೊದಲು ಗಾಳಿ ಒಂದು ಮುಚ್ಚಿದ ಡ್ರಮ್ಮಿನೊಳಗೆ ಗಿರಗಿರ ಸುತ್ತಬೇಕು. ಸುತ್ತುವಾಗ ಭಾರವಾದ ಮರದ ಹೊಟ್ಟೆಲ್ಲ ತಳಕ್ಕೆ ಬೀಳುತ್ತದೆ, ಹಗುರ ಹುಡಿ ಮಾತ್ರ ಚೀಲಕ್ಕೆ ಹೋಗುತ್ತದೆ. ಈ ವಿಚಾರ ಅವರಿಗೆ ಸ್ನಾನ ಮಾಡುವಾಗ, ಬಚ್ಚಲ ತೂತಿನಲ್ಲಿ ನೀರು ಸುಳಿಯುವುದನ್ನು ನೋಡಿ ಹೊಳೆಯಿತು. ನೀರು ತುಂಬಿಡುವ ಪ್ಲಾಸ್ಟಿಕ್ ಡ್ರಮ್ಮಿಗೆ ತೂತು ಕೊರೆದು ಪೈಪು ಸೇರಿಸಿದರು. ಒಂದು ಗಳಿಗೆ ಬಲು ಸೊಗಸಾಗಿ ನಡೆಯಿತು. ಆಮೇಲೆ ಪೈಪಿನ ಬಾಯಿಗೆ ಮರದ ತುಂಡೊಂದು ಸಿಕ್ಕಿಕೊಂಡಿತು. ಹೀರಲು ಗಾಳಿ ಸಿಗದ ಮಿಷನ್ನು ಡ್ರಮ್ಮನ್ನೇ ಹೀರಿತು. ಢಮಾರ್! ಡ್ರಮ್ಮು ಹಿಂಡಿದ ನಿಂಬೆಯಂತೆ ಮುದುಡಿ ಬಿತ್ತು.

ಪಕ್ಕದ ಮನೆಯ ನರ್ಸಮ್ಮ, ಆಸ್ಪತ್ರೆಯಲ್ಲಿ ದೊಡ್ಡ ನರ್ಸಾಗಿ ನಿವೃತ್ತಳಾದವಳು, ಔಷಧದ ಪೆಟ್ಟಿಗೆ ಹಿಡಿದು ಓಡಿಬಂದಳು. "ಯಾರಿಗೆ ಏನಾಯ್ತು?"

"ಡ್ರಮ್ಮಿಗೆ" ಎಂದರು ರಾಯರು.

ನರ್ಸಮ್ಮ ಡ್ರಮ್ಮನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಇದು ಬದುಕಲ್ಲ" ಎಂದು ಪೆಟ್ಟಿಗೆ ಮುಚ್ಚಿಕೊಂಡು ಹೋದಳು.

ರಾಯರು ಗಟ್ಟಿ ಕಬ್ಬಿಣದ ಡ್ರಮ್ಮು ತಂದರು. ಅದು ಜಗ್ಗಲಿಲ್ಲ. ಸಂಜೆಗೆ ಮುಚ್ಚಳ ತೆಗೆದು ನೋಡಿದರೆ ತಳದಲ್ಲಿ ಹೊಟ್ಟು ಬಂಗಾರದಂತೆ ರಾಶಿ ಬಿದ್ದಿತ್ತು. ರಾಯರು ಹೆಂಡತಿಯನ್ನು ಕೈಹಿಡಿದು ಕರೆತಂದು ತೋರಿಸಿದರು. "ನೋಡು. ಇದೆಲ್ಲ ನಿನ್ನ ತಟ್ಟೆ ಮೇಲೆ ಇರ್ತಿತ್ತು."

"ಅದ್ರ ತಂಗಿ ಇನ್ನೂ ಇದೆ" ಎಂದು ಹೆಂಡತಿ ರಾಯರ ಕನ್ನಡಕವನ್ನು ಬೆರಳಿಂದ ಉಜ್ಜಿ ತೋರಿಸಿದಳು.

ಅದಕ್ಕೂ ರಾಯರ ಬಳಿ ಉಪಾಯವಿತ್ತು. ಚೀಲವನ್ನು ಕಿಟಕಿಯಾಚೆ ತೂಗುಹಾಕಿದರು. ಚೀಲ ಸೋರಲಿ, ಹೊರಗೆ ತಾನೇ ಸೋರುವುದು? ಮರುದಿನ ಮೇಜಿನ ಮೇಲೆ ಬೆರಳೆಳೆದರೆ ಬೆರಳು ಶುದ್ಧ! ತಟ್ಟೆ ಶುದ್ಧ! ರಾಯರು ಖಾನೆಯಿಂದ ಹಾಳೆ ತೆಗೆದು, ಪೆನ್ನಿನ ಟೋಪಿ ಕಳಚಿ, ವಾಲಿದ 'ಧೂಳು' ಮುಂದೆ 'ಇಲ್ಲ' ಬರೆಯಲು ಬಾಗಿದರು.

"ರಾಯರೇ!" ಕಾಂಪೌಂಡಿನಾಚೆಯಿಂದ ನರ್ಸಮ್ಮ. "ಬಂದು ನೋಡಿ ಇಲ್ಲಿ! ನನ್ನ ಬಿಳೀ ಹೊದಿಕೆಗೆಲ್ಲ ಕಾಮಾಲೆ ಹಿಡಿದಿದೆ!"

ರಾಯರು ಪೆನ್ನಿಗೆ ಟೋಪಿ ತೊಡಿಸಿದರು. ಬೇರೆಯವರ ಬಟ್ಟೆಯ ಮೇಲೆ ಧೂಳು ಹಾಕಿ 'ಇಲ್ಲ' ಎಂದು ಬರೆದರೆ ಅಕ್ಷರ ನೆಟ್ಟಗೆ ಬರುತ್ತದೆಯೇ?

ಈ ನಡುವೆ ಬೀದಿಯ ಜನ ಸುಮ್ಮನಿರಲಿಲ್ಲ. ಹೊರಗಿನಿಂದ ನೋಡುವವರಿಗೆ ಕಂಡದ್ದಿಷ್ಟು: ರಾಯರ ಹಿತ್ತಲಲ್ಲಿ ಮಿಷನ್ನು ಕೂಗುತ್ತದೆ, ಕಿಟಕಿಯಲ್ಲಿ ದೊಡ್ಡ ಬಟ್ಟೆಚೀಲ ಉಬ್ಬುತ್ತದೆ, ಸುತ್ತ ನುಣ್ಣನೆಯ ಹುಡಿ ಹಾರುತ್ತದೆ, ರಾಯರು ನೆತ್ತಿಯಿಂದ ಪಾದದವರೆಗೆ ಅದೇ ಹುಡಿ ಮೆತ್ತಿಕೊಂಡು ಹೊರಬಂದು ಸಂತೋಷದಿಂದ ಮೈ ಕೊಡವುತ್ತಾರೆ. ಇದನ್ನು ನೋಡಿ ಬುದ್ಧಿ ಇದ್ದವರು ಏನೆಂದುಕೊಳ್ಳಬೇಕೋ ಅದನ್ನೇ ಅಂದುಕೊಂಡರು. ರಾಯರು ಹಿಟ್ಟಿನ ಗಿರಣಿ ಹಾಕಿದ್ದಾರೆ.

ಹಿಂದಿನ ಬೀದಿಯ ಅಜ್ಜಿ ಮೊದಲು ಬಂದಳು. ಕಂಕುಳಲ್ಲಿ ತಗಡಿನ ಡಬ್ಬಿ. "ಮಿಷನ್ನು ಚೆನ್ನಾಗಿದೆಯಂತಲ್ಲಪ್ಪಾ?"

ಮಿಷನ್ನನ್ನು ಹೊಗಳಿದ ಮೊದಲ ಪ್ರಾಣಿ. ರಾಯರ ಎದೆ ಚೀಲಕ್ಕಿಂತ ಹೆಚ್ಚು ಉಬ್ಬಿತು. "ಚೆನ್ನಾಗಿದೆ ಅಂದ್ರೇನಜ್ಜಿ! ಇಂಥದ್ದು ಈ ಊರಲ್ಲಿ ಇನ್ನೊಂದಿಲ್ಲ."

"ಎಲ್ಲ ನೀನೇ ಜೋಡಿಸಿದ್ದಾ?"

"ಡ್ರಮ್ಮಿನ ವಿಚಾರವಂತೂ ಪೂರ್ತಿ ನಂದೇ."

"ನಿನ್ನ ಕೈಗೆ ಒಳ್ಳೇದಾಗ್ಲಿ. ತಗೋ, ಇದು ಇಟ್ಕೋ. ಡಬ್ಬಿ ಜೋಪಾನ, ಆಮೇಲೆ ಬಂದು ತಗೊಂಡ್ಹೋಗ್ತೀನಿ." ಅಜ್ಜಿ ಡಬ್ಬಿ ಇಟ್ಟು ಹೊರಟೇಹೋದಳು.

ತೆರೆದರೆ ಗೋಧಿ. ರಾಯರು ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. "ನೋಡಿದ್ಯೇನೇ? ಮಿಷನ್ನು ಮಾಡಿದ್ದಕ್ಕೆ ಗೋಧಿ ಕೊಟ್ಟು ಸನ್ಮಾನ!"

"ಧೂಳು ಹೀರಿದ್ದಕ್ಕೆ ಯಾರು ರೀ ಗೋಧಿ ಕೊಡ್ತಾರೆ? ಕೇಳಿ ನೋಡಿ ಅವರನ್ನ."

"ಪ್ರೀತಿಯಿಂದ ಕೊಟ್ಟದ್ದನ್ನ ಯಾಕೆ ಕೊಟ್ರಿ ಅಂತ ಕೇಳೋದಾ? ನಿನಗೆ ಲೋಕಜ್ಞಾನ ಸಾಲದು."

ಮಧ್ಯಾಹ್ನಕ್ಕೆ ಇನ್ನೊಂದು ಡಬ್ಬಿ ಬಂತು. ಆಮೇಲೆ ಒಂದು ಚೀಲ ಜೋಳ. ರಾಯರು ಮನೆಯಲ್ಲಿಲ್ಲದಾಗ ಯಾರೋ ಜಗಲಿಯ ಮೇಲೆ ಒಂದು ಬುಟ್ಟಿ ಇಟ್ಟು ಹೋಗಿದ್ದರು. ಸನ್ಮಾನಗಳು ಜಗಲಿಯ ಉದ್ದಕ್ಕೂ ಸಾಲುಗಟ್ಟಿದವು. ರಾಯರು ಬೀದಿಯಲ್ಲಿ ನಡೆಯುವಾಗ ಎರಡೂ ಕಡೆಗೆ ತಲೆಬಾಗುತ್ತ ನಡೆಯತೊಡಗಿದರು. ಜನವೂ, ಹಿಟ್ಟು ಬೇಗ ಬರಲಿ ಎಂಬ ಆಸೆಗೆ, ನಗುತ್ತ ತಲೆಬಾಗಿದರು.

ಮೂರನೆಯ ಬೀದಿಯಲ್ಲಿ ನಿಜವಾದ ಹಿಟ್ಟಿನ ಗಿರಣಿ ಇತ್ತು. ಅದರ ಯಜಮಾನ ಅಗಲ ಭುಜದ, ಅಗಲ ಗಂಟಲಿನ ಆಸಾಮಿ. ಗಿರಾಕಿಗಳು ರಾಯರ ಜಗಲಿಗೆ ಹರಿದದ್ದು ಕಂಡು ಅವನ ಪಿತ್ತ ನೆತ್ತಿಗೇರಿತು. ಪುರಸಭೆಯ ಇನ್ಸ್‌ಪೆಕ್ಟರನ್ನು ಜೊತೆಗೆ ಕರೆದುಕೊಂಡೇ ಬಂದುಬಿಟ್ಟ.

"ಲೈಸೆನ್ಸ್ ತೋರಿಸಿ" ಎಂದರು ಇನ್ಸ್‌ಪೆಕ್ಟರು.

"ಯಾವುದರದ್ದು?"

"ಗಿರಣಿದು."

"ಯಾವ ಗಿರಣಿ?"

"ನೋಡಿದ್ರಾ ಸಾರ್!" ಗಿರಣಿ ಯಜಮಾನ ಗುಡುಗಿದ. "ಹುಬ್ಬಿನ ಮೇಲೆ ಹಿಟ್ಟು ಮೆತ್ಕೊಂಡು ಯಾವ ಗಿರಣಿ ಅಂತಾರೆ!"

ಇನ್ಸ್‌ಪೆಕ್ಟರು ಜಗಲಿಯ ಸಾಲನ್ನು ಪೆನ್ನಿನಿಂದ ತೋರಿಸಿದರು. "ಇವೇನು?"

"ಅವಾ?" ರಾಯರು ಕೊಂಚ ನಾಚಿದರು. "ಅವು ಜನ ಅಭಿಮಾನದಿಂದ ಕೊಟ್ಟದ್ದು. ನನ್ನ ಮಿಷನ್ನಿನ ಕೆಲಸ ಮೆಚ್ಚಿ."

ಇನ್ಸ್‌ಪೆಕ್ಟರು 'ಆರೋಪಿ ಒಪ್ಪಿಕೊಂಡಿದ್ದಾನೆ' ಎಂದು ಬರೆದುಕೊಳ್ಳುತ್ತಿದ್ದಾಗ ಅಜ್ಜಿ ಗೇಟು ತೆರೆದಳು. "ಏನಪ್ಪಾ, ನನ್ನ ಗೋಧಿ ಹಿಟ್ಟಾಯ್ತಾ?"

ಹೆಂಡತಿ ಬಾಗಿಲ ಚೌಕಟ್ಟಿಗೆ ಒರಗಿ ಸೆರಗಿನಿಂದ ನಿಧಾನವಾಗಿ ಕೈ ಒರೆಸಿಕೊಂಡಳು. ಆ ಒರೆಸುವಿಕೆಯಲ್ಲಿ ರಾಯರ ಲೋಕಜ್ಞಾನದ ಬಗ್ಗೆ ಹೇಳಬೇಕಾದ್ದೆಲ್ಲ ಇತ್ತು.

"ಒಳಗೆ ನಡೀರಿ" ಎಂದರು ಇನ್ಸ್‌ಪೆಕ್ಟರು. ಹಿತ್ತಲ ಕೋಣೆಗೆ ನುಗ್ಗಿ, ಡ್ರಮ್ಮಿನ ಮುಚ್ಚಳ ತೆಗೆಸಿ, ಕರ್ತವ್ಯಕ್ಕೆ ಕುಂದು ಬರಬಾರದೆಂದು ಒಂದು ಚಿಟಿಕೆ ಎತ್ತಿ ನಾಲಿಗೆಯ ಮೇಲಿಟ್ಟುಕೊಂಡರು. ಅವರ ಮುಖ ಸಿಂಡರಿಸಿತು. "ಇದ್ಯಾವ ಧಾನ್ಯ?"

"ಸಾಗುವಾನಿ ಮರ ಸಾರ್. ಒಳ್ಳೇ ಹಳೇದು."

ಇನ್ಸ್‌ಪೆಕ್ಟರು ಕಿಟಕಿಯಾಚೆ ಉಗುಳಿದರು. ಅಜ್ಜಿ ಎದೆ ಬಡಿದುಕೊಂಡಳು. "ಅಯ್ಯಯ್ಯೋ! ನನ್ನ ಗೋಧಿಗೆ ಮರ ಬೆರೆಸಿದ್ದೀಯಾ?"

"ಅಜ್ಜಿ, ನಿಮ್ಮ ಗೋಧಿ ಮುಟ್ಟೇ ಇಲ್ಲ! ಇದು ಗಿರಣಿಯೇ ಅಲ್ಲ! ಧೂಳು ಹೀರೋ ಮಿಷನ್ನು!"

ಗಿರಣಿ ಯಜಮಾನ ಅಷ್ಟರಲ್ಲಿ ಕಿಟಕಿಯಿಂದ ಕೈಚಾಚಿ ಚೀಲಕ್ಕೆ ಒಂದು ಏಟು ಕೊಟ್ಟ. ಬುಸ್ಸೆಂದು ಮೋಡವೇ ಎದ್ದು ನರ್ಸಮ್ಮನ ಹಿತ್ತಲ ಕಡೆಗೆ ಹೊರಟಿತು. ಅವನು ಬಿದ್ದು ಬಿದ್ದು ನಕ್ಕ. "ಈ ಬಟ್ಟೇಲಿ ನಾನು ಹಿಟ್ಟು ಹಿಡಿದಿದ್ರೆ ನನ್ನ ಹಿಟ್ಟೆಲ್ಲ ಪಕ್ಕದೂರಲ್ಲಿ ಮಾರಾಟ ಆಗ್ತಿತ್ತು! ಸಾರ್, ಇದು ಗಿರಣಿ ಅಲ್ಲ. ಗಿರಣಿ ಹೆಸರಿಗೆ ಅವಮಾನ."

ಅಷ್ಟರಲ್ಲಿ ನರ್ಸಮ್ಮ ಕಾಮಾಲೆಯ ಹೊದಿಕೆಯೊಂದನ್ನು ಹಿಡಿದು ಬಂದು ನಿಂತಿದ್ದಳು. ಇನ್ಸ್‌ಪೆಕ್ಟರು ಬಾಯಿ ಮುಕ್ಕಳಿಸಿ ತೀರ್ಪು ಕೊಟ್ಟರು. "ಗಿರಣಿ ಅಲ್ಲ, ಸರಿ. ಆದ್ರೆ ಈಯಮ್ಮನ ಬಟ್ಟೆ ಗತಿ ಏನು? ನನ್ನ ನಾಲಿಗೆ ಗತಿ ಏನು? ಮುಂದಿನ ವಾರ ಬರ್ತೀನಿ. ಆಗ್ಲೂ ಹೊರಗೆ ಧೂಳು ಹಾರ್ತಾ ಇದ್ರೆ ಈ ಕೋಣೆಗೆ ಬೀಗ ಜಡಿದು ಮೊಹರು ಒತ್ತುತ್ತೀನಿ."

ಸುದ್ದಿ ತಿಳಿದು ಬಂದವರೆಲ್ಲ ತಮ್ಮ ತಮ್ಮ ಡಬ್ಬಿ, ಬುಟ್ಟಿ ಎತ್ತಿಕೊಂಡು ಹೋದರು. ರಾಯರು ಕೋಣೆಯ ನಡುವೆ ನಿಂತರು. ಬೀಗ ಬಿದ್ದರೆ ಒಳಗೆ ಅಕ್ಕನ ಕುರ್ಚಿ. ಬೀಗ ಬೀಳದಿದ್ದರೂ ಧೂಳಿರುವವರೆಗೆ ಹೊರಗೆ ಅಕ್ಕ. ಗಿರಣಿ ಯಜಮಾನ ಮಾತ್ರ ಹೋಗಿರಲಿಲ್ಲ. ನಕ್ಕು ನಕ್ಕು ಸುಸ್ತಾಗಿ ಅದೇ ಕುರ್ಚಿಯಲ್ಲಿ ಕೂರಲು ಬಾಗಿದ್ದ.

"ಕೂರಬೇಡಿ!" ರಾಯರು ಕಿರುಚಿದರು. "ಅದು ಅಕ್ಕಂದು!"

ಯಜಮಾನ ಬೆಚ್ಚಿ ನೆಟ್ಟಗಾದ. ಕುರ್ಚಿಯ ಕೈಯನ್ನು ಸವರಿದ. ಹಿಂದೆ ಮುಂದೆ ಅಲುಗಿಸಿದ. ನಾಲ್ಕು ಕಾಲೂ ನೆಲ ಕಚ್ಚಿ ನಿಂತಿದ್ದವು. "ನೀವೇ ಮಾಡಿದ್ದಾ?"

"ಮತ್ಯಾರು?"

"ಚೆನ್ನಾಗಿದೆ ಮಾರಾಯ್ರೇ" ಎಂದ, ಈ ಬಾರಿ ನಗದೆ. ಆಮೇಲೆ ಡ್ರಮ್ಮಿನೊಳಗೆ ತಲೆ ತೂರಿಸಿದ. "ಹೊಟ್ಟೆಲ್ಲ ಇಲ್ಲೇ ಹೇಗೆ ಬಿತ್ತು? ಚೀಲಕ್ಕೆ ಹೋಗಲ್ವಾ?"

ರಾಯರು ಬಚ್ಚಲ ತೂತಿನಿಂದ ಆರಂಭಿಸಿ ವಿವರವಾಗಿ ಹೇಳಿದರು. ಯಜಮಾನನ ಕಣ್ಣು ಅಗಲವಾದವು. "ನನ್ನ ಗಿರಣೀಲಿ ತವುಡು, ಹುಡಿ ಎಲ್ಲ ಒಟ್ಟಿಗೇ ಚೀಲಕ್ಕೆ ಹೋಗಿ ಅದರ ಗಂಟಲು ಕಟ್ಟುತ್ತೆ. ಇಂಥದ್ದೊಂದು ನಂಗೂ ಮಾಡಿಕೊಡಿ. ಗಿರಣಿ ಚೀಲದ ಬಟ್ಟೆ ನಾನು ಕೊಡ್ತೀನಿ. ಅದರಲ್ಲಿ ಹಿಟ್ಟೂ ಸೋರಲ್ಲ, ಗುಟ್ಟೂ ಸೋರಲ್ಲ."

ಒಪ್ಪಂದವಾಯಿತು. ಮರುದಿನದಿಂದ ಇಬ್ಬರೂ ಸೇರಿ ಕೋಣೆಯನ್ನು ತಲೆಕೆಳಗು ಮಾಡಿದರು. ಕೆಲಸಕ್ಕಿಂತ ಜಗಳ ಜಾಸ್ತಿ.

"ಈ ಪೈಪು ಯಾಕೆ ಕೋಣೆಯೆಲ್ಲ ಪ್ರವಾಸ ಹೊರಟಿದೆ?"

"ಉದ್ದ ಇದ್ರೆ ಎಲ್ಲ ಕಡೆ ಮುಟ್ಟುತ್ತಲ್ವಾ?"

"ಪೈಪು ಮುಟ್ಟುತ್ತೆ, ಗಾಳಿ ಮುಟ್ಟಲ್ಲ. ಒಂದೊಂದು ತಿರುವಲ್ಲೂ ಕೂತು ಸುಧಾರಿಸ್ಕೊಳ್ಳುತ್ತೆ. ಒಳಗೆ ಸುಕ್ಕು ಬೇರೆ!"

ಮಿಷನ್ನನ್ನು ಗರಗಸದ ಮೇಜಿನ ಪಕ್ಕಕ್ಕೇ ಎಳೆದರು. ಅಗಲವಾದ, ಒಳಗೆ ನುಣುಪಾದ ಪೈಪನ್ನು ಗಿಡ್ಡವಾಗಿ, ನೆಟ್ಟಗೆ ಕೂರಿಸಿದರು. ಹೊಸ ಚೀಲವನ್ನು ಕೋಣೆಯೊಳಗೇ ಕಟ್ಟಿದರು. ಆದರೂ ಒಂದು ತೊಡಕು ಉಳಿಯಿತು. ಪೈಪು ಕವಲೊಡೆದು ಗರಗಸಕ್ಕೊಂದು, ಉಪ್ಪುಕಾಗದದಿಂದ ಮರ ಉಜ್ಜುವ ಮೇಜಿಗೊಂದು, ನೆಲಕ್ಕೊಂದು ಹೋಗುತ್ತಿತ್ತು. ಮೂರೂ ಕಡೆ ಬಾಯಿ ತೆರೆದು ಕೂತರೆ ಎಲ್ಲೂ ಎಳೆತ ಸಾಲದು. ಯಜಮಾನ ತಲೆ ಕೆರೆದುಕೊಂಡ. ಅವನ ಗಿರಣಿಯಲ್ಲಿದ್ದದ್ದು ಒಂದೇ ಪೈಪು.

ರಾಯರ ಮುಖ ನಿಧಾನವಾಗಿ ಬೆಳಗಿತು. ಇದು ಅವರಿಗೆ ಗೊತ್ತಿದ್ದ ವಿಷಯ. ಪ್ರಪಂಚದಲ್ಲಿ ಅವರಿಗೆ ಚೆನ್ನಾಗಿ ಗೊತ್ತಿದ್ದದ್ದು ಇದೊಂದೇ.

"ಟಿಕೆಟ್ ಕಿಂಡಿ!" ಎಂದರು.

"ಏನು?"

"ಮೂರು ಕಿಂಡೀನೂ ತೆಗೆದಿದ್ರೆ ಎಲ್ಲೂ ನೂಕುನುಗ್ಗಲಿಲ್ಲ. ಎರಡರ ಹಲಗೆ ಎಳೆದುಬಿಡಿ, ಮೂರನೇದಕ್ಕೆ ಜನ ಹೇಗೆ ನುಗ್ತಾರೆ ನೋಡಿ! ನನ್ನ ಮೂಗಿನ ಮುಂದೆ ದಿನಾ ನಡೀತಿದ್ದದ್ದೇ ಇದು!"

ಅಂದೇ ಕೂತು ಪ್ರತಿ ಕವಲಿಗೂ ಮರದ ಪುಟ್ಟ ಸರಿಯುವ ಹಲಗೆ ಮಾಡಿದರು, ಥೇಟು ನಿಲ್ದಾಣದ ಕಿಂಡಿಯಂತೆ. ಗರಗಸದ ಕಿಂಡಿ ತೆರೆದು ಉಳಿದೆರಡನ್ನು ಮುಚ್ಚಿ ಗುಂಡಿ ಒತ್ತಿದರೆ, ಮೇಜಿನ ಮೇಲಿಟ್ಟಿದ್ದ ಹೊಟ್ಟು ಕೊನೆಯ ರೈಲಿಗೆ ಓಡುವ ಜನರಂತೆ ಒಳಗೆ ನುಗ್ಗಿತು. ಯಜಮಾನ ಬಾಯಿ ತೆರೆದು ನಿಂತ. ರಾಯರು ಇಲ್ಲದ ಮೀಸೆಯನ್ನು ತಿರುವಿದರು.

ಇನ್ಸ್‌ಪೆಕ್ಟರು ಹೇಳಿದಂತೆ ಬಂದರು. ಬೀದಿಗೆ ಬೀದಿಯೇ ಕಾಂಪೌಂಡಿನ ಮೇಲೆ ಒರಗಿ ನಿಂತಿತ್ತು. ನರ್ಸಮ್ಮ ತನ್ನ ಅಚ್ಚ ಕಪ್ಪು ಶಾಲನ್ನು ಕಿಟಕಿಯ ಎದುರಿನ ತಂತಿಗೆ ಬೇಕೆಂದೇ ತೂಗುಹಾಕಿದಳು. ರಾಯರು ದಪ್ಪ ಹಲಗೆಯೊಂದನ್ನು ಉದ್ದಕ್ಕೂ ಕೊಯ್ದರು, ಅಡ್ಡಕ್ಕೂ ಕೊಯ್ದರು, ಉಜ್ಜಿದರು, ಮತ್ತೆ ಉಜ್ಜಿದರು. ಮಿಷನ್ನು ನಿಂತ ಮೇಲೆ ನರ್ಸಮ್ಮ ಶಾಲನ್ನು ಬಿಸಿಲಿಗೆ ಹಿಡಿದು, ಮಡಿಕೆ ಬಿಡಿಸಿ, ರೋಗಿಯನ್ನು ಪರೀಕ್ಷಿಸುವಂತೆ ನೋಡಿದಳು.

"ಗುಣ ಆಗಿದೆ. ಮನೆಗೆ ಕಳಿಸ್ಬಹುದು" ಎಂದಳು.

ಅಜ್ಜಿ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದಳು. ರಾಯರು ಇನ್ಸ್‌ಪೆಕ್ಟರ ಹಿಂದೆ ಬಿದ್ದರು. "ಸಾರ್, ಧೂಳಿಲ್ಲ ಅಂತ ಒಂದು ಪತ್ರ ಕೊಡಿ."

"ಧೂಳಿಲ್ಲ ಅನ್ನೋದಕ್ಕೆ ನಮ್ಮಲ್ಲಿ ನಮೂನೆ ಇಲ್ರೀ. ಗಿರಣಿ ಇಲ್ಲ ಅಂತ ಬೇಕಾದ್ರೆ ಕೊಡ್ತೀನಿ."

ರಾಯರು ಅದನ್ನೇ ತೆಗೆದುಕೊಂಡರು. ಸಾಗುವಾನಿಯ ಚೌಕಟ್ಟು ಕಟ್ಟಿ ಜಗಲಿಯ ಗೋಡೆಗೆ ಹಾಕಿದರು: 'ಈ ಮನೆಯಲ್ಲಿ ಯಾವುದೇ ಗಿರಣಿ ಇರುವುದಿಲ್ಲ.' ಊರಿನಲ್ಲಿ ಇನ್ನಾರ ಮನೆಯಲ್ಲೂ ಅಂಥ ಸರ್ಕಾರಿ ಮಾನ್ಯತೆ ಇರಲಿಲ್ಲ.

ಆಮೇಲೆ ಖಾನೆ ತೆಗೆದರು. ಹಾಳೆಯನ್ನು ಎತ್ತಿ ಮಡಿಕೆ ಬಿಡಿಸಿದ್ದೇ ತಡ, ಹೆಂಡತಿ ಭಾರಿ ಸೀನೊಂದು ಸೀನಿದಳು. ರಾಯರ ಮುಖ ಬಿಳುಪೇರಿತು.

"ಗಾಬರಿಯಾಗ್ಬೇಡಿ, ಅದು ಕಾಗದದ ಒಳಗಿದ್ದ ಹಳೇ ಧೂಳು. ಕೊಡಿ ಇಲ್ಲಿ." ಕಿಟಕಿಯಾಚೆ ಹಾಳೆಯನ್ನು ಎರಡು ಸಲ ಕೊಡವಿ ತಂದಳು. "ಹೊಸ ಹಾಳೆ ತಗೋಬಾರ್ದಾ? ಇದ್ರಲ್ಲಿ ಧೂಳು ಅನ್ನೋದು ಸೊಟ್ಟಗಿದೆ."

"ಇರಲಿ. ಅದರ ಪಕ್ಕದ್ದನ್ನ ಅಕ್ಕ ನೋಡ್ಲಿ." ರಾಯರು ಬಾಗಿ, ನಾಲಿಗೆಯ ತುದಿ ಹೊರಹಾಕಿ, ಅಕ್ಕ ಸ್ಲೇಟಿನ ಮೇಲೆ ಕೈಹಿಡಿದು ತಿದ್ದಿಸುತ್ತಿದ್ದಾಗಿನಂತೆಯೇ ಬರೆದರು: 'ಇಲ್ಲ. ಕುರ್ಚಿ ಇದೆ. ಬಾ.' ಅಕ್ಷರಗಳು ಹಳಿಯ ಮೇಲೆ ನಿಂತ ರೈಲು ಡಬ್ಬಿಗಳಂತೆ ನೆಟ್ಟಗೆ ನಿಂತವು.

ಲಕೋಟೆ ಅಂಟಿಸಿ, ಒಗೆದ ಅಂಗಿ ತೊಟ್ಟು, ಬೀದಿಯ ಕೊನೆಯ ಅಂಚೆಪೆಟ್ಟಿಗೆಯವರೆಗೆ ನಡೆದುಹೋದರು. ಕಾಗದ ಒಳಗೆ ಬಿದ್ದ ಸದ್ದನ್ನು ಕಿವಿಯಿಟ್ಟು ಕೇಳಿದರು. ನಂತರ, ಅಭ್ಯಾಸಬಲದಿಂದ, ಪೆಟ್ಟಿಗೆಯ ನೆತ್ತಿಯ ಮೇಲೆ ಬೆರಳೆಳೆದು ನೋಡಿದರು. ಬೆರಳು ಕಪ್ಪಾಗಿತ್ತು.

"ಛೆ," ಎಂದರು ರಾಯರು, ಎದೆಯುಬ್ಬಿಸಿ, ಪೆಟ್ಟಿಗೆಯನ್ನು ಕರುಣೆಯಿಂದ ನೋಡುತ್ತ, "ಈ ಅಂಚೆಯವರಿಗೂ ಒಂದು ಮಾಡಿಕೊಡ್ಬೇಕು."